ಒಳಗೆ ತಗ್ಗಬೇಕಿದ್ದ ಅಲೆ

...ಅಥವಾ ಅದು ಹತ್ತಿಕಾಳಿನ ವಾಸನೆ ಆಗಿರಲಿಕ್ಕಿಲ್ಲ. ಕಳೆದ ವಾರ ಬೈಲಹೊಂಗಲದಲ್ಲಿ ಬಸ್ಸಿಳಿದಾಗ ಮೂಗಿಗೆ ಏನೋ ಬಡಿಯಿತು, ನಮ್ಮ ಮಾಳಿಗೆಯಲ್ಲಿ ಬಾಡಿಗೆಗಿದ್ದ ಭೌತಶಾಸ್ತ್ರದ ಸರ್ ನೆನಪಾದರು. ಎರಡನ್ನೂ ಆಮೇಲೆ ನಾನೇ ಜೋಡಿಸಿಕೊಂಡಿರಬಹುದು.

ನಾನಾಗ ಬಿ.ಎಸ್ಸಿ. ಓದುತ್ತಿದ್ದೆ. ಸರ್ ನಮ್ಮ ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕರು. ಒಂದು ತಿಂಗಳೊಳಗೆ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರೆ ಮಾತ್ರ ನೌಕರಿ ಕಾಯಂ. ಪ್ರಬಂಧ ಟೈಪಾಗಿ ಬಂದ ಮೇಲೆ ತಪ್ಪು ಅವರ ಕಣ್ಣಿಗೆ ಬಿತ್ತು.

ನ್ಯೂಕ್ಲಿಯಸ್ಸಿನೊಳಗೆ ಕಣದ ಮೇಲಿನ ಪ್ರಭಾವ ಅದು ಇರುವ ಒಂದು ಬಿಂದುವಿಗಷ್ಟೇ ಸಂಬಂಧಿಸಿದ್ದಲ್ಲ. ಸುತ್ತಲಿನ ಬಿಂದುಗಳಲ್ಲಿ ಅದರ ಅಲೆ ಹೇಗಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಸರ್ ಇದರ ಬದಲು ಸರಳ ಸೂತ್ರವೊಂದನ್ನು ಬಳಸಿದ್ದರು. ಚದುರಿ ಹೊರಬರುವ ಕಣಗಳಿಗೆ ಅದು ಸರಿಯಾಗಿಯೇ ಹೊಂದುತ್ತಿತ್ತು. ಆದರೆ ನ್ಯೂಕ್ಲಿಯಸ್ಸಿನ ಒಳಗೆ ಅಲೆಯ ಎತ್ತರ ತಗ್ಗಬೇಕು. ತಗ್ಗಿಸುವ ಆ ಗುಣಕವನ್ನು ಹಾಕಲು ಮರೆತಿದ್ದರು, ಕೊನೆಯ ಅಧ್ಯಾಯ ನಿಂತಿದ್ದೇ ಒಳಗಿನ ಅಲೆಯ ಮೇಲೆ.

ಅಪ್ಪ ಹತ್ತಿ ವ್ಯಾಪಾರಿ. ಸರ್ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಹೊರಗ ಬರೋಬ್ಬರಿ ಐತಿ ಅಂತೀರಿ. ಒಳಗ ಯಾರ ಹೊಕ್ಕ ನೋಡ್ತಾರ್ರಿ ಸರ? ಕೊಟ್ಟ ಬರ್ರಿ" ಅಂದರು.

"ಹತ್ತಿ ಹೇರು ಬಂದಾಗ ನೀವು ಮ್ಯಾಲಿಂದಷ್ಟ ನೋಡಿ ದರಾ ಹೇಳ್ತೀರೇನ್ರಿ ಕಾಕಾ? ಮೊಳಕೈ ತನಕಾ ಕೈ ಹಾಕಿ ಒಳಗಿಂದು ಹಿರೀತೀರಿ."

"ನಂದು ವ್ಯಾಪಾರ್ರೀ ಮಾರಾಯರ. ನಿಮಗ ನೌಕರಿ ಹೋತಂದ್ರ ಕೈ ಎಲ್ಲಿ ಹಾಕ್ತೀರಿ?"

ಸರ್ ನಕ್ಕರು. ನಕ್ಕರೆಂದೇ ನೆನಪು... ಆಮೇಲೆ ಪ್ರಬಂಧ ಎತ್ತಿಕೊಂಡು ಮಾಳಿಗೆ ಹತ್ತಿ ಮತ್ತೆ ಲೆಕ್ಕಕ್ಕೆ ಕೂತರು. ನನ್ನ ತಲೆಯಲ್ಲಿರುವ ಚಿತ್ರ ಇದು, ನನಗೆ ಬೇಕಾದಂತೆಯೇ ಇದೆ. ಅದಕ್ಕೇ ನಂಬಿಕೆ ಬರುವುದಿಲ್ಲ. ಅಕ್ಕನಂತೂ ಒಪ್ಪುವುದೇ ಇಲ್ಲ: "ಎಲ್ಲಿ ಲೆಕ್ಕನ ಯವ್ವಾ! ಮರುದಿನಾನ ಬಗಲಾಗ ಪ್ರಬಂಧ ಇಟ್ಕೊಂಡು ಧಾರವಾಡ ಬಸ್ ಹತ್ತಿದ್ರು. ಬುತ್ತಿ ಕಟ್ಟಿ ಕೊಟ್ಟಾಕಿ ನಾನ."

ಆ ಬೇಸಿಗೆಯಲ್ಲಿ ಸರ್ ರಾಮದುರ್ಗದ ಕಾಲೇಜೊಂದಕ್ಕೆ ಹೋದರು. ಕಾಯಂ ಆಗಿ ಹೋದರೋ, ಮತ್ತೆ ತಾತ್ಕಾಲಿಕವಾಗಿಯೋ, ನಾವು ಕೇಳಲಿಲ್ಲ.

ಅವರ ಊರು ಮುರಗೋಡ. ಮೊನ್ನೆ ಅಲ್ಲಿಗೆ ಹೋದಾಗ ಸರ್ ತೀರಿಕೊಂಡಿದ್ದಾರೆಂದು ತಿಳಿಯಿತು. ಹೇಳಿದವರಿಗೆ ಅವರ ಲೆಕ್ಕದ ಸುದ್ದಿ ಗೊತ್ತಿರಲಿಲ್ಲ. ಆ ಗುಣಕವನ್ನು ಈಗ ನಾನೇ ಎಂ.ಎಸ್ಸಿ. ಮಕ್ಕಳಿಗೆ ಕಲಿಸುತ್ತೇನೆ. ಪ್ರಬಂಧ ಧಾರವಾಡದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸಿಕ್ಕರೂ ಸಿಗಬಹುದು. ಹುಡುಕಲು ಹೋಗಿಲ್ಲ. ಸರ್ ತಿದ್ದಿ ಕೊಟ್ಟರೋ, ಇದ್ದಂತೆಯೇ ಕೊಟ್ಟರೋ, ಕೊಡಲೇ ಇಲ್ಲವೋ, ನನಗೆ ಗೊತ್ತಿಲ್ಲ.