ಬೀಜಕ್ಕೇ ಮದ್ದು

ಹಿನಕಲ್‌ನ ನಮ್ಮ ಪಕ್ಕದ ಮನೆಯಮ್ಮನವರಿಗೆ ಇಲವಾಲದ ಬಳಿ ಗದ್ದೆಯಿತ್ತು. ಬೆನ್ನಿನ ಆಪರೇಷನ್ ಆದ ಮೇಲೆ ಔಷಧಿ ಹೊಡೆಯುವ ಟ್ಯಾಂಕು ಹೊರಬಾರದೆಂದು ಡಾಕ್ಟರು ಹೇಳಿದ್ದರು.

"ಗದ್ದೆ ನಂಗ್ ಬುಟ್ಬುಡಿ ಅತ್ತಿಗೆ," ಎಂದ ಪಕ್ಕದ ಗದ್ದೆಯ ಮೈದುನ.

ಅವರು ಒಪ್ಪಲಿಲ್ಲ. ಬಿತ್ತನೆ ಭತ್ತವನ್ನು ತಾರಸಿಯ ಮೇಲೆ ಉಪ್ಪುನೀರಿಗೆ ಹಾಕಿ, ತೇಲಿದ ಜೊಳ್ಳು ತೆಗೆದು, ತೊಳೆದು, ರೋಗ ತಡೆಯುವ ಔಷಧಿಯಲ್ಲಿ ನೆನೆಸಿದರು. ಯಾರು ಕೇಳಿದರೂ, "ಬೀಜಕ್ಕೇ ಕೊಟ್ಬುಟ್ರೆ ಆಮೇಲೆ ಒದ್ದಾಡೋದು ಕಮ್ಮಿ ಕಣಮ್ಮ," ಎನ್ನುತ್ತ ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದರು.

ಆ ಸಲ, ಬೀಜವನ್ನು ಹಾಗೇ ಬಿತ್ತಿದ್ದ ಮೈದುನನ ಸಸಿಮಡಿಗೆ ಬೆಂಕಿ ರೋಗ ಬಂದು ಎಲೆಗಳೆಲ್ಲ ಸುಟ್ಟಂತಾದವು. ಇವರ ಸಸಿ ಹಸಿರಾಗಿಯೇ ಇತ್ತು.

ನಾಟಿಯ ದಿನ ನಾನೂ ಜೊತೆಗೆ ಹೋಗಿದ್ದೆ. ಮೈದುನ ಬದುವಿನ ಮೇಲೆ ತಲೆ ತಗ್ಗಿಸಿ ನಿಂತಿದ್ದ. ಅವನು ಬಾಯಿ ಬಿಡುವ ಮೊದಲೇ ಅವರು ಮಿಕ್ಕ ಸಸಿಯ ಕಟ್ಟುಗಳನ್ನು ತೋರಿಸಿದರು.

"ತಗೊಂಡೋಗಪ್ಪ, ಬಿಸ್ಲಿಗೆ ಬಾಡೋಗ್ತವೆ."