ಮೈಲಾರವ್ವ ಕೊಟ್ಟ ಬೆಂಕಿ

ಬೆರಗಾಗುವುದು ನನ್ನ ಸ್ವಭಾವವಲ್ಲ. ಕುಬಿಹಾಳದಲ್ಲಿ ಹಿಟ್ಟಿನ ಗಿರಣಿ ಇಟ್ಟವನು ನಾನು. ಊರಿನ ದೊಡ್ಡಸ್ತಿಕೆ, ಸಣ್ಣತನ ಎರಡೂ ಜೋಳದ ಡಬ್ಬಿಯ ಜೊತೆಗೇ ನನ್ನ ಬಾಗಿಲಿಗೆ ಬರುತ್ತವೆ. ಯಾರನ್ನಾದರೂ ದೇವರಂಥವರು ಎಂದು ಹೊಗಳಿದರೆ ನನಗೆ ಮೊದಲು ಅನುಮಾನ ಬರುತ್ತದೆ. ಅಂಥ ನಾನೂ ಒಬ್ಬಳ ಮುಂದೆ ಬಾಯಿ ಮುಚ್ಚಿ ನಿಂತಿದ್ದೇನೆ. ಆಕೆ ನನ್ನ ಚಿಗವ್ವ, ತಾಯಿಯ ತಂಗಿ, ಮೈಲಾರವ್ವ.

ನೋಡಿದರೆ ಬೆರಗಾಗುವಂಥದ್ದು ಆಕೆಯಲ್ಲಿ ಏನೂ ಇರಲಿಲ್ಲ. ಗಿಡ್ಡ ಆಳು, ದೊಡ್ಡ ದನಿ, ಮೂಗಿನ ತುದಿಯಲ್ಲೇ ಸಿಟ್ಟು. ಆಕೆ ರೊಟ್ಟಿ ಬಡಿಯುವ ಸದ್ದು ಕೇಳಿಯೇ ಇವತ್ತು ಮಾತಾಡಿಸಬೇಕೋ ಬೇಡವೋ ಎಂದು ಓಣಿಯವರು ನಿಶ್ಚಯಿಸುತ್ತಿದ್ದರು. ಗಂಡ ಮಲಕಪ್ಪ ಇದ್ದಾಗ ಇಬ್ಬರೂ ದಿನಾ ಜಗಳವಾಡುತ್ತಿದ್ದರು, ಜಗಳ ಮುಗಿಯದೆ ಒಬ್ಬರೂ ಊಟಕ್ಕೆ ಕೂರುತ್ತಿರಲಿಲ್ಲ.

ಮಲಕಪ್ಪ ಸತ್ತದ್ದು ೧೯೭೮ರ ಸುಗ್ಗಿಯಲ್ಲಿ. ಬಾಜು ಹೊಲದ ಗುಡದಪ್ಪನಿಗೂ ಅವನಿಗೂ ಬದುವಿನ ತಂಟೆ ಇತ್ತು. ಸಂತೆಯಲ್ಲಿ ನಾಲ್ಕು ಜನರ ಎದುರು ಮಲಕಪ್ಪ ಅವನ ಕಪಾಳಕ್ಕೆ ಹೊಡೆದ. ಗುಡದಪ್ಪ ಕುಡಿದು ಬಂದು ಮಲಕಪ್ಪನ ಹಿತ್ತಲಿನ ಮೇವಿನ ಬಣವಿಗೆ ಬೆಂಕಿ ಇಟ್ಟ. ಆ ಬಣವಿಯನ್ನು ಒಟ್ಟಿದವನೂ ಗುಡದಪ್ಪನೇ ಆಗಿದ್ದ. ಜೋಳದ ಕಣಿಕೆಯ ಸಿವುಡುಗಳನ್ನು, ಆ ಒಣ ದಂಟಿನ ಕಟ್ಟುಗಳನ್ನು, ಮಳೆಯ ಹನಿ ಒಳಗಿಳಿಯದಂತೆ ಪೇರಿಸುವುದರಲ್ಲಿ ಅವನ ಕೈ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾಗಿತ್ತು. ಮೇವು ಸುಟ್ಟರೆ ಸಾಕು ಎಂದುಕೊಂಡಿದ್ದವನಿಗೆ ಹಿಂದೆ ಎತ್ತು ಕಟ್ಟಿದ್ದು ಅಮಲಿನಲ್ಲಿ ನೆನಪಾಗಲಿಲ್ಲ. ಹಗ್ಗ ಕೊಯ್ಯಲು ನುಗ್ಗಿದ ಮಲಕಪ್ಪ ಒಂದು ಎತ್ತನ್ನು ಹೊರಗೆ ಅಟ್ಟಿದ. ಇನ್ನೊಂದರ ಜೊತೆ ತಾನೂ ಬೆಂಕಿಯೊಳಗೇ ಉಳಿದ.

ಗುಡದಪ್ಪ ಓಡಿಹೋಗಲಿಲ್ಲ. ಪೊಲೀಸರು ಬರುವವರೆಗೆ ಅಲ್ಲೇ ನೆಲಕ್ಕೆ ಕುಳಿತಿದ್ದ. ಶಿಕ್ಷೆಯಾಗಿ ಬೆಳಗಾವಿಯ ಹಿಂಡಲಗಾ ಜೈಲಿಗೆ ಹೋದ. ಅವನ ಹೆಂಡತಿ ರೇಣುಕವ್ವ ತವರೂರು ಯರಗುಪ್ಪಿ ಸೇರಿದಳು. ಚಿಗವ್ವ ಅಂದಿನಿಂದ ಬಣವಿಯನ್ನೇ ಒಟ್ಟಿಸಲಿಲ್ಲ, ಕಣಿಕೆಯನ್ನು ಹೊಲದಲ್ಲೇ ಮಾರಿಬಿಡುತ್ತಿದ್ದಳು. ಹಿತ್ತಲಿನಲ್ಲಿ ಆ ಜಾಗ ಹಾಗೇ ಬರಿದಾಗಿತ್ತು. ಅಲ್ಲಿ ಕೋಳಿ ಕೆದರಿದರೂ ಓಡಿಸುತ್ತಿದ್ದಳು.

೧೯೮೫ರ ಸುಗ್ಗಿಗೆ ಗುಡದಪ್ಪ ಬಿಡುಗಡೆಯಾಗಿ ಹೆಂಡತಿಯ ಜೊತೆ ಊರಿಗೆ ಬಂದ. ಜೈಲಿನಲ್ಲಿ ಅವನಿಗೆ ಕುರ್ಚಿ ಹೆಣೆಯುವುದನ್ನು ಕಲಿಸಿದ್ದರಂತೆ. ಕುಬಿಹಾಳದಲ್ಲಿ ಕುರ್ಚಿ ಇದ್ದವರು ಎಷ್ಟು ಮಂದಿ? ಊರು ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಬೆಂಕಿ ಕೊಡಲಿಲ್ಲ, ಅಷ್ಟೆ.

ನಮ್ಮಲ್ಲಿ ಆಗ ಬೆಳಗ್ಗೆ ಯಾರ ಒಲೆ ಮೊದಲು ಹೊತ್ತಿತೋ ಅವರ ಮನೆಯಿಂದ ಒಂದು ತುಂಡು ಕುಳ್ಳಿನ, ಅಂದರೆ ಬೆರಣಿಯ, ಮೇಲೆ ಕೆಂಡ ಇಟ್ಟುಕೊಂಡು ಬರುವುದು ರೂಢಿ. ರೇಣುಕವ್ವ ಕುಳ್ಳು ಹಿಡಿದು ಮನೆಮನೆಗೆ ಹೋದಳು. ಒಲೆ ಆರಿದೆ ಎಂದವರ ಬೆನ್ನ ಹಿಂದೆಯೇ ಹೊಗೆ ಕಾಣುತ್ತಿತ್ತು. ಅಂಗಡಿಯ ಬಾಬಾಸಾಬ ಕಡ್ಡಿಪೆಟ್ಟಿಗೆ ಮುಗಿದಿವೆ ಎಂದ. ಹೇಳುವಾಗ ಪಾಪ, ಅವನ ಕಣ್ಣು ಹಿರಿಯರು ಕೂತಿದ್ದ ಕಟ್ಟೆಯ ಕಡೆಗಿತ್ತು. ಹೊರಗಿನಿಂದ ಕಡ್ಡಿಪೆಟ್ಟಿಗೆ ತರಲು ಗುಡದಪ್ಪನೇ ಒಪ್ಪಲಿಲ್ಲ. ನಾಳೆ ಎಲ್ಲಿ ಹೊಗೆ ಎದ್ದರೂ ಮೊದಲು ತನ್ನ ಕಿಸೆಯನ್ನೇ ತಡವುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಯರಗುಪ್ಪಿಯಿಂದ ತಂದ ಒಣ ರೊಟ್ಟಿಯನ್ನು ನೀರಿನಲ್ಲಿ ಅದ್ದಿ ತಿನ್ನುತ್ತ ಇಬ್ಬರೂ ದಿನ ನೂಕಿದರು.

ಕೊನೆಗೆ ಹಿರಿಯ ಶಿದ್ಲಿಂಗಪ್ಪ ಕಟ್ಟೆಗೆ ಊರನ್ನು ಕೂಡಿಸಿದ. ಇವನಿದ್ದರೆ ಯಾರ ಬಣವಿಗೂ ಭರವಸೆ ಇಲ್ಲ, ಊರು ಬಿಡಲಿ ಎಂದು ಅವನ ವಾದ. ಹೌದೆಂದವರಲ್ಲಿ ನಾನೂ ಒಬ್ಬ. ಆದರೆ ಕೊನೆಯ ಮಾತು ಸತ್ತವನ ಹೆಂಡತಿಯದೇ ಆಗಬೇಕು ಎಂದು ಎಲ್ಲರೂ ಒಪ್ಪಿದರು. ಗುಡದಪ್ಪ ತಲೆ ತಗ್ಗಿಸಿ ಕೆಳಗೆ ಕುಳಿತಿದ್ದ. ಚಿಗವ್ವ ಬಂದು ಅವನ ಮುಂದೆ ನಿಂತಳು.

“ಸರಕಾರದ ಪಾಳಿ ಮುಗೀತು. ಇನ್ನ ನಂದು,” ಎಂದಳು. “ನಾಳೆ ಮುಂಜಾನೆ ನನ್ನ ಹಿತ್ತಲಕ್ಕ ಬಾ. ಬಣವಿ ಒಟ್ಟೂದೈತಿ.”

ನಾನು ಮನೆಯವರೆಗೂ ಆಕೆಯ ಬೆನ್ನು ಹತ್ತಿ, ತಲೆಗಿಲೆ ಕೆಟ್ಟಿದೆಯೇ, ಗಂಡನನ್ನೇ ಮರೆತೆಯಾ ಎಂದು ಕೂಗಾಡಿದೆ. ಬಾಗಿಲಲ್ಲಿ ನಿಂತು ತಿರುಗಿದಳು.

“ಸಿಟ್ಟಿಲ್ಲಂತ ತಿಳದಿಯೇನಲೇ ಭರಮ್ಯಾ? ಐತಿ. ನಾ ಸಾಯೂತನಾ ಇರತೈತಿ. ಅದನ್ನ ನಾ ನೋಡ್ಕೋತೇನಿ. ಅವನ ಒಲಿ ಆರಿಸಿದ್ರ, ನನ್ನ ಒಲಿ ಮುಂದ ಕುಂಡ್ರಾಂವ ತಿರುಗಿ ಬರತಾನೇನು?”

ಬಂದ ದಾರಿಯಲ್ಲೇ ನಾನು ಗಿರಣಿಗೆ ತಿರುಗಿದೆ.

ಮರುದಿನ ಕೆಲಸ ಬಿಟ್ಟು ಅರ್ಧ ಊರೇ ಹಿತ್ತಲಿಗೆ ಬಂದಿತ್ತು. ಗಾಡಿಯಿಂದ ಕಣಿಕೆ ಇಳಿಯಿತು. ಗುಡದಪ್ಪ ಆ ಬರಿದು ನೆಲವನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಕೆಲಸ ಶುರು ಮಾಡಿದ. ಸಿವುಡು ಎತ್ತಿಕೊಡುವ ಆಳುಗಳಿದ್ದರೂ ಚಿಗವ್ವ ಅವರನ್ನು ಸರಿಸಿ, ಮೊದಲು ಮಲಕಪ್ಪ ನಿಲ್ಲುತ್ತಿದ್ದ ಕಡೆ ತಾನೇ ನಿಂತಳು. ಅವನು ಮೊದಲ ಸಾಲು ಇಟ್ಟ. ಸೊಟ್ಟಗಾಗಿದೆ, ತೆಗೆದು ಮತ್ತೆ ಇಡು ಎಂದು ಗದರಿದಳು. ಅವನು ತೆಗೆದು ಮತ್ತೆ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಕೈಗೆ ಹಳೆಯ ಹದ ಮರಳಿ, ಬಣವಿ ನಮ್ಮ ತಲೆ ದಾಟಿ ಏಳುತ್ತಿತ್ತು.

ಶಿದ್ಲಿಂಗಪ್ಪ ನೆರಳಿಗೆ ಬಂದು ನಿಂತು, ಅಭ್ಯಾಸಬಲದಿಂದ ಬೀಡಿ ಹಚ್ಚಿದ. ಮೇಲಿನಿಂದ ಗುಡದಪ್ಪನ ದನಿ ಕೇಳಿತು. ಬಂದಾಗಿನಿಂದ ಅವನು ಊರವರ ಎದುರು ಆಡಿದ ಮೊದಲ ಮಾತು ಅದು.

“ಶಿದ್ಲಿಂಗಪ್ಪ ಕಾಕಾ, ಬೀಡಿ ಆರಸ್ರಿ. ಕೆಳಗೆಲ್ಲಾ ಒಣಾ ಎಲಿ, ರವದಿ ಬಿದ್ದೈತಿ.”

ಎಲ್ಲರ ಕಣ್ಣೂ ಶಿದ್ಲಿಂಗಪ್ಪನ ಬೆರಳ ಮೇಲೆ ಹೋಯಿತು. ಅವನು ಒಮ್ಮೆ ಬೀಡಿಯನ್ನು ನೋಡಿದ, ಒಮ್ಮೆ ಬಣವಿಯ ಮೇಲಿದ್ದವನನ್ನು ನೋಡಿದ. ಆಮೇಲೆ ಬಯಲಿಗೆ ನಡೆದು ಬೀಡಿಯನ್ನು ಚಪ್ಪಲಿಯಿಂದ ಹೊಸಕಿದ. ಬಾಬಾಸಾಬ ಕೆಮ್ಮಿದ, ಅದು ಕೆಮ್ಮಲ್ಲ, ತಡೆದ ನಗು ಎಂದು ಪಕ್ಕದಲ್ಲಿದ್ದ ನನಗೆ ಗೊತ್ತು.

ಹೊತ್ತು ಇಳಿಯುವ ಮೊದಲು ತುದಿ ಕಟ್ಟಿ ಗುಡದಪ್ಪ ಕೆಳಗೆ ಬಂದ. ಮುಗಿಯಿತು, ಇನ್ನು ಹೋಗೋಣ ಎಂದು ಜನ ಅಲುಗಾಡಿದರು. ಅಷ್ಟರಲ್ಲಿ ಒಳಗೆ ಹೋಗಿದ್ದ ಚಿಗವ್ವ ತಿರುಗಿ ಬಂದಳು. ಕೈಯಲ್ಲಿ ಒಂದು ತುಂಡು ಕುಳ್ಳು, ಅದರ ಮೇಲೆ ಆಕೆಯ ಒಲೆಯ ಕೆಂಡ ನಿಗಿನಿಗಿ ಹೊಳೆಯುತ್ತಿತ್ತು. ಅದನ್ನು ತಂದು ಗುಡದಪ್ಪನ ಕೈಯಲ್ಲಿ ಇಟ್ಟಳು.

“ರೇಣುಕಾ ಹಾದಿ ನೋಡಾಕತ್ತಾಳ. ಒಯ್ಯಿ,” ಎಂದಳು.

ಅವನ ಮನೆಗೆ ಹೋಗುವ ಹಾದಿ ಬಣವಿಗೆ ತಾಗಿಕೊಂಡೇ ಇತ್ತು. ಗಾಳಿ ಎದ್ದಿತ್ತು. ಕೆಂಡ ನಾನು ಒಯ್ಯುತ್ತೇನೆ ಎಂದು ಮುಂದೆ ಬಂದ ಒಬ್ಬ ಆಳನ್ನು ಚಿಗವ್ವ ಒಂದೇ ನೋಟದಲ್ಲಿ ನಿಲ್ಲಿಸಿದಳು. ಗುಡದಪ್ಪ ಬಣವಿಯ ಕಡೆಗೆ ಬೆನ್ನು ಮಾಡಿ, ಇನ್ನೊಂದು ಬರಿಗೈಯನ್ನು ಕೆಂಡದ ಮೇಲೆ ಬೋರಲು ಹಿಡಿದು, ಅಡ್ಡಡ್ಡ ಹೆಜ್ಜೆ ಇಡತೊಡಗಿದ. ಗಾಳಿ ಬೀಸಿದಾಗೊಮ್ಮೆ ಅಂಗೈಯ ಕೆಳಗೆ ಕೆಂಪು ಏರುತ್ತಿತ್ತು. ಚರ್ಮ ಸುಟ್ಟ ವಾಸನೆ ನಮಗೆಲ್ಲ ಬಂತು. ಕೈ ಸರಿಯಲಿಲ್ಲ. ಶಿದ್ಲಿಂಗಪ್ಪನೇ ಮೊದಲು ಹಿಂದೆ ಸರಿದು ಅವನಿಗೆ ಹಾದಿ ಬಿಟ್ಟ. ಒಂದು ಕಿಡಿಯೂ ಹಾರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಮನೆಯ ಬೆಳಕಿಂಡಿಯಿಂದ ಹೊಗೆ ಎದ್ದಿತು.

ನೋಡಿದೆಯಾ ಎಂದು ಕೇಳಲು ನಾನು ಚಿಗವ್ವನ ಕಡೆ ತಿರುಗಿದೆ. ಆಕೆ ಅಲ್ಲಿರಲಿಲ್ಲ. ಊರೆಲ್ಲ ಉಸಿರು ಬಿಗಿಹಿಡಿದು ನೋಡಿದ ಆ ನಡಿಗೆಯನ್ನು ಆಕೆ ನೋಡಿರಲೇ ಇಲ್ಲ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಓಣಿಯ ಕೊನೆಗೂ ಕೇಳುವಷ್ಟು ಜೋರಾಗಿ ಬರುತ್ತಿತ್ತು. ಹೇಳಿದ ಹಾಗೆಯೇ ಸಿಟ್ಟು ಇತ್ತು, ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಅಷ್ಟು ಸಿಟ್ಟನ್ನು ಇಟ್ಟುಕೊಂಡೇ ಆ ಕೈಗೆ ಬೆಂಕಿ ಕೊಟ್ಟು, ಬಣವಿಗೆ ಬೆನ್ನು ಮಾಡಿ ಒಳಗೆ ಹೋಗಿದ್ದಳು.