ಮಳೆಗಾಲದ ಮುಂಚೆ ಕಂಬಳಿ ಕೊಟ್ಟವನು

ನನ್ನ ತಮ್ಮ ಕದ್ದಿದ್ದು ನಿಜ. ಆಗದವರು ಯಾರೋ ಸಿಕ್ಕಿಸಿದರು ಎಂದು ನಮ್ಮವ್ವ ಸಾಯುವವರೆಗೂ ಹೇಳಿಕೊಂಡು ಓಡಾಡಿದಳು. ನಾನು ಹಾಗೆ ಹೇಳುವುದಿಲ್ಲ. ಮೂಡಿಗೆರೆ ಕಡೆಯ ಬಿಳಿ ದೊರೆಯೊಬ್ಬರ ಎಸ್ಟೇಟಿನಲ್ಲಿ ನಾವೆಲ್ಲ ಕೂಲಿಗಿದ್ದೆವು. ಹಣ್ಣಿನ ಸಿಪ್ಪೆ ತೆಗೆದು ಕಣದಲ್ಲಿ ಒಣಗಿಸಿ ತುಂಬಿಟ್ಟಿದ್ದ ಪಾರ್ಚ್‌ಮೆಂಟ್ ಕಾಫಿಯ ಎರಡು ಮೂಟೆಗಳನ್ನು ಅವನು ಹೊತ್ತು ತಂದು ನಮ್ಮ ಅಟ್ಟದ ಮೇಲಿಟ್ಟ. ಒಂದು ಮೂಟೆಗೆ ಇಲಿ ತೂತು ಮಾಡಿತ್ತು. ಕದಿಯುವವನು ಮೂಟೆಯನ್ನು ಒಂದು ಸಲ ತಿರುಗಿಸಿ ನೋಡಬೇಡವೇ? ಕಣದಿಂದ ನಮ್ಮ ಬಾಗಿಲವರೆಗೆ ದಾರಿಯುದ್ದಕ್ಕೂ ಬೀಜ ಉದುರಿತ್ತು. ಬೆಳಿಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೊಡೆ ಊರಿಕೊಂಡು, ನೆಲ ನೋಡುತ್ತಾ ನೋಡುತ್ತಾ ಬಂದು ನಮ್ಮ ಹೊಸಿಲ ಮುಂದೆ ನಿಂತರು. ನಮ್ಮ ಕೋಳಿಗಳೂ ಅವರ ಹಿಂದೆಯೇ ಕುಕ್ಕುತ್ತಾ ಬಂದವು.

ಚಿಕ್ಕಮಗಳೂರಿನ ಕೋರ್ಟಿನಲ್ಲಿ ಒಂದೂವರೆ ವರ್ಷ ಶಿಕ್ಷೆಯಾಯಿತು. ಅವನ ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಮರುವರ್ಷ ಅವ್ವ ಜ್ವರ ಬಂದು ಸತ್ತಳು. ಜೈಲಿಗೆ ಕಾಗದ ಹಾಕೋಣವೆಂದರೆ ಲೈನಿನಲ್ಲಿ, ಅಂದರೆ ನಾವು ಕೂಲಿಯವರಿದ್ದ ಸಾಲುಮನೆಗಳಲ್ಲಿ, ಒಬ್ಬರಿಗೂ ಓದುಬರಹ ಇರಲಿಲ್ಲ. ಬರೆಯಬಲ್ಲವರು ರೈಟರು ಒಬ್ಬರೇ. ಅವರೇ ಹಿಡಿದುಕೊಟ್ಟವನಿಗೆ ಅವರ ಕೈಯಲ್ಲೇ ಕಾಗದ ಬರೆಸುವಷ್ಟು ಮುಖ ನನಗಿರಲಿಲ್ಲ. ಅದೊಂದು ತಪ್ಪು ಮಾಡಿದೆ.

ಅವನು ಬಿಡುಗಡೆಯಾಗಿ ಬಂದದ್ದು ಯುದ್ಧದ ಕಾಲ, ಮಳೆಗೆ ಇನ್ನೂ ಒಂದು ತಿಂಗಳು ಇದ್ದಾಗ. ಆಗ ಬಸ್ಸು ಓಡುತ್ತಿದ್ದದ್ದು ಇದ್ದಿಲಿನ ಹೊಗೆಯಲ್ಲಿ. ಏರು ಬಂದರೆ ಎಲ್ಲರೂ ಇಳಿದು ನೂಕಬೇಕಿತ್ತು. ಅಷ್ಟು ದೂರ ಬಸ್ಸು ನೂಕಿಕೊಂಡು ಬಂದವನ ಮುಖ ಇದ್ದಿಲಿನಷ್ಟೇ ಕಪ್ಪಾಗಿತ್ತು. ಅವ್ವನಿಗೆಂದು ಮೂಡಿಗೆರೆಯಲ್ಲಿ ಎಲೆಯಡಿಕೆ ಕಟ್ಟಿಸಿಕೊಂಡು ಬಂದಿದ್ದ. ಒಳಗೆ ಬಂದು, ಅವ್ವ ಅಡಿಕೆ ಕುಟ್ಟುವ ಕುಟ್ಟಣಿಯನ್ನು ಹಲಗೆಯ ಮೇಲೆ ಬೋರಲು ಹಾಕಿದ್ದು ನೋಡಿದ. ನಾನು ಬಾಯಿ ತೆಗೆಯುವ ಮೊದಲೇ ಅವನಿಗೆ ತಿಳಿಯಿತು. ಅಳಲಿಲ್ಲ. ಎಲೆಯಡಿಕೆಯನ್ನು ನನ್ನ ಕೈಗೆ ಕೊಟ್ಟು ಕೂತ.

ಮೂರು ದಿನ ಲೈನಿನವರು ಅವನನ್ನು ನೋಡಲು ಬಂದರು, ಕಾಡುಹಂದಿ ಹೊಡೆದಾಗ ನೋಡಲು ಬರುವ ಹಾಗೆ. ನಾಲ್ಕನೆಯ ದಿನದಿಂದ ಯಾರೂ ಇಲ್ಲ. ಹಾಜರಿ ಪುಸ್ತಕದಲ್ಲಿ ಅವನ ಹೆಸರು ಹಾಕಲು ರೈಟರು ಒಪ್ಪಲಿಲ್ಲ. ಹೆಸರಿಲ್ಲದಿದ್ದರೆ ಕೆಲಸವಿಲ್ಲ. ಅವನು ಬೆಳಕು ಹರಿಯುವಾಗಲೇ ಎದ್ದು ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದ. ಕೂತವನು ನಾನು ಏಳು ಎನ್ನುವ ತನಕ ಏಳುತ್ತಿರಲಿಲ್ಲ. ತಟ್ಟೆ ಹಾಕಿದರೆ ಉಣ್ಣು ಎನ್ನಬೇಕು. ಒಂದು ದಿನ ನಾನು ಮರೆತು ಕೆಲಸಕ್ಕೆ ಹೋಗಿದ್ದೆ. ಮಧ್ಯಾಹ್ನ ಬಂದು ನೋಡಿದರೆ ಗಂಜಿಯ ಮುಂದೆ ಹಾಗೇ ಕೂತಿದ್ದ. ಗಂಜಿಯನ್ನು ಬೆಕ್ಕು ಮುಗಿಸಿತ್ತು.

ಇಷ್ಟನ್ನೂ ನಾನು ತಡೆದುಕೊಂಡೆ. ಆಮೇಲೆ ಅವನು ತನ್ನ ಕಂಬಳಿಯನ್ನು ನಮ್ಮ ಯಜಮಾನರಿಗೆ, ಅಂದರೆ ತನ್ನ ಭಾವನಿಗೆ, ಕೊಟ್ಟ. ಒಳ್ಳೆಯ ಕರಿ ಕಂಬಳಿ, ಒಂದು ತೂತಿಲ್ಲ. ಯಜಮಾನರು ಹಿಗ್ಗಿ ಹೀರೇಕಾಯಿಯಾದರು. ಬಿಸಿಲಲ್ಲೇ ಅದನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಲೈನಿನ ಈ ಕೊನೆಯಿಂದ ಆ ಕೊನೆಗೆ ಓಡಾಡಿದರು. ನನಗೆ ಮಾತ್ರ ಭಯವಾಯಿತು. ನಮ್ಮ ಕಡೆ ಮಳೆ ಹಿಡಿದರೆ ಮೂರು ತಿಂಗಳು. ಅದರ ಹೊಸಿಲಲ್ಲಿ ಬುದ್ಧಿ ನೆಟ್ಟಗಿರುವ ಯಾವನೂ ಕಂಬಳಿ ಕೊಡುವುದಿಲ್ಲ, ಹೆತ್ತ ಅಪ್ಪ ಕೇಳಿದರೂ. ಅದರ ಹಿಂದಿನ ವರ್ಷ ಕಳಸದ ಕಡೆಯ ತೋಟದಲ್ಲಿ ಜೈಲಿಂದ ಬಂದವನೊಬ್ಬ ತಿಂಗಳು ತುಂಬುವುದರೊಳಗೆ ತಾನಾಗಿ ಪ್ರಾಣ ಕಳೆದುಕೊಂಡಿದ್ದ. ಅದಕ್ಕೆ ಮುಂಚೆ ನೆರೆಯವನೊಬ್ಬನನ್ನು ಕರೆದು ತಾನು ಸಾಕಿದ ನಾಯಿಯನ್ನು ಕೊಟ್ಟಿದ್ದನಂತೆ. ತೆಗೆದುಕೊಂಡವನು ಎಷ್ಟು ಒಳ್ಳೆಯ ಮನುಷ್ಯ ಅಂದುಕೊಂಡು ನಾಯಿ ಹಿಡಿದುಕೊಂಡು ಮನೆಗೆ ಹೋಗಿದ್ದ.

ಅವನನ್ನೇ ಕೇಳಿಬಿಡುತ್ತೇನೆ ಎಂದು ಯಜಮಾನರಿಗೆ ಹೇಳಿದೆ. ಹಾಗೆಲ್ಲ ಬಾಯಿಬಿಟ್ಟು ಕೇಳಬಾರದು, ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂದರು. ಹೊಕ್ಕಿದ್ದಕ್ಕೇ ಅಲ್ಲವೇ ನಿಮಗೆ ಕಂಬಳಿ ಸಿಕ್ಕಿದ್ದು ಎಂದೆ.

ತಮ್ಮನನ್ನು ಹಿತ್ತಲಲ್ಲಿ ಕೂರಿಸಿ ಕೆಸುವಿನ ದಂಟು ಸುಲಿಯಲು ಕೊಟ್ಟೆ. ನಾನೂ ಸುಲಿಯುತ್ತಾ ಕೂತೆ. ಅದು ಕಾಡುಕೆಸು, ಇಬ್ಬರ ಕೈಯೂ ತುರಿಸತೊಡಗಿತು.

"ಮಳೆಗೆ ಮುಂಚೆ ಕಂಬಳಿ ಕೊಟ್ಟಿದ್ದೀಯ. ಸಾಯ್ಬೇಕು ಅಂತ ಇದ್ದೀಯೇನೋ?" ಎಂದೆ.

ಅವನು ಕೈ ಕೆರೆದುಕೊಂಡ. "ಹೌದಕ್ಕ, ಹಾಗೂ ಅನ್ಸುತ್ತೆ."

"ಎಂತಕ್ಕೆ?"

"ಒಳಗಿದ್ದಾಗ ದಿನಕ್ಕೆ ಮೂರು ಸಲ ಎಣಿಸ್ತಿದ್ರು. ಒಬ್ಬ ಕಮ್ಮಿ ಬಂದ್ರೆ ಗಂಟೆ ಹೊಡೆದು ಇಡೀ ಜೈಲು ಹುಡುಕ್ತಿದ್ರು. ಇಲ್ಲಿ ನಾನೊಬ್ಬ ಕಮ್ಮಿಯಾದ್ರೆ ಯಾರಿಗೆ ಗೊತ್ತಾಗುತ್ತೆ?"

ನನಗೆ ಸಿಟ್ಟು ಬಂತು. ಅವ್ವ ಬಾಗಿಲಲ್ಲಿ ಕೂತು ಒಂದು ವರ್ಷ ಅವನ ದಾರಿ ಕಾದಿದ್ದಳು. ಆದರೆ ಅದನ್ನು ಹೇಳಿದರೆ ಅವನು ಇನ್ನೂ ಕುಸಿಯುತ್ತಾನೆ ಎನ್ನಿಸಿ ನುಂಗಿಕೊಂಡೆ.

"ಎಣಿಸೋದು ತಾನೇ? ನಾನು ಎಣಿಸ್ತೀನಿ," ಎಂದೆ. "ಆ ಯೋಚನೆ ಜೋರಾದ್ರೆ ಯಾವ ಹೊತ್ತಾದ್ರೂ ನನ್ನ ಎಬ್ಬಿಸು. ನಿನ್ನ ಭಾವನ್ನ ಎಬ್ಬಿಸ್ಬೇಡ ಮಾರಾಯ, ಅವರು ಏಳಲ್ಲ."

ಅಂದಿನಿಂದಲೇ ಶುರುವಾಯಿತು. ಬೆಳಿಗ್ಗೆ ಬಾಗಿಲಿಗೆ ಬಂದು ನಾನು "ಒಂದು" ಎನ್ನಬೇಕು, ಅವನು "ಇದ್ದೀನಿ" ಎನ್ನಬೇಕು. ಸಂಜೆ ಮತ್ತೆ. ಮಧ್ಯಾಹ್ನದ್ದು ಪಕ್ಕದ ಮನೆಯ ಅಜ್ಜಿಗೆ ವಹಿಸಿದೆ. ವಿಷಯ ಏನೆಂದು ಅಜ್ಜಿಗೆ ಮುಚ್ಚಿಡಲಿಲ್ಲ. ಮುಚ್ಚಿಟ್ಟರೆ ಮರೆಯುತ್ತಾಳೆ. ತನಗೆ ಲೆಕ್ಕ ಬರುವುದಿಲ್ಲ ಎಂದು ಹೆದರಿದಳು. ಒಂದರವರೆಗೆ ಬಂದರೆ ಸಾಕು ಎಂದೆ. ಆಕೆ ಅದನ್ನು ಎಷ್ಟು ನಿಷ್ಠೆಯಿಂದ ಮಾಡಿದಳೆಂದರೆ, ಒಂದು ಸಲದ ಬದಲು ಮೂವತ್ತು ಸಲ ಕೂಗುತ್ತಿದ್ದಳು. ಅವನು ಕಕ್ಕಸಿಗೆಂದು ಕಾಡಿಗೆ ಹೋದರೂ ಬೇಲಿಯ ಹತ್ತಿರ ನಿಂತು "ಒಂದೋ" ಎಂದು ಕೂಗುವಳು. ಪೊದೆಯೊಳಗಿಂದ "ಇದ್ದೀನಜ್ಜಿ" ಎಂದು ಬರುವುದು. ಗುಡ್ಡದ ಆಚೆ ಕಳೆ ಕೀಳುತ್ತಿದ್ದ ನಮಗೂ ಅದು ಕೇಳಿಸುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಅವನು ನಗುತ್ತಿರಲಿಲ್ಲ. ಎರಡು ಸಲ ನನ್ನನ್ನು ಎಬ್ಬಿಸಿದ. ಎದ್ದು ಬೆಲ್ಲದ ಕಾಫಿ ಕಾಸಿಕೊಟ್ಟು ಪಕ್ಕದಲ್ಲಿ ಕೂತೆ. ಕೂತಲ್ಲೇ ತೂಕಡಿಸಿದೆ. ಕೂತಿದ್ದೇ ಸಾಕಾಯಿತು ಎಂದು ಎಷ್ಟೋ ವರ್ಷದ ಮೇಲೆ ಅವನೇ ಹೇಳಿದ.

ಹೀಗಿರುವಾಗ ಒಂದು ಬೆಳಿಗ್ಗೆ ಅಜ್ಜಿಗೆ ಬೇಗ ಎಚ್ಚರವಾಯಿತು. ಬುಟ್ಟಿ ಹಿಡಿದುಕೊಂಡು ಸೌದೆಗೆ ಹೊರಟವಳು ಅಂಗಳದಲ್ಲಿ ಕೂತಿದ್ದ ನನ್ನ ತಮ್ಮನನ್ನು ಎಣಿಸಿ, ಮಂಡಿ ನೋವೆಂದು ಅವನ ಬೆನ್ನಿಗೇ ಕೂತಳು. ನಮ್ಮದು ಲೈನಿನ ಕೊನೆಯ ಮನೆ. ಪಕ್ಕದಲ್ಲೇ ಎಸ್ಟೇಟಿನವರು ರೇಷನ್ ಅಕ್ಕಿ ಕೊಡುವ ಶೆಡ್ಡು. ಅಕ್ಕಿಗೆ ಆಗ ಎಷ್ಟು ಬರ ಎಂದರೆ ಕನಸಿನಲ್ಲೂ ನಾವು ಸಾಲಿನಲ್ಲೇ ನಿಂತಿರುತ್ತಿದ್ದೆವು. ಶೆಡ್ಡಿನ ಹತ್ತಿರ ಒಬ್ಬರ ಹಿಂದೆ ಒಬ್ಬರು ಕೂತಿದ್ದಾರೆ, ಬುಟ್ಟಿಯೂ ಇದೆ ಎಂದು ಕೆಳಗಿನ ಲೈನಿನವಳೊಬ್ಬಳು ಕಂಡಳು. ಓಡಿಹೋಗಿ ಚೀಲ ತಂದು ಅಜ್ಜಿಯ ಹಿಂದೆ ಕೂತಳು. ಅವಳನ್ನು ನೋಡಿ ಅವಳ ನಾದಿನಿ. ಆಮೇಲೆ ಕೇಳಬೇಕೇ? ನಮ್ಮ ಯಜಮಾನರು ಮನೆಯೊಳಗಿಂದ ಚೀಲ ಹಿಡಿದುಕೊಂಡು ಬಂದು ಇಪ್ಪತ್ತನೆಯವರಾಗಿ ಕೂತರು. ಇವತ್ತು ಅಕ್ಕಿಯ ದಿನವಲ್ಲ ಎಂದು ನಾನು ಬಡಕೊಂಡೆ. ಮುಂದಿನ ಜಾಗ ಹಿಡಿಯಲು ನಾನು ಹಾಗೆ ಹೇಳುತ್ತಿದ್ದೇನೆ ಎಂದುಕೊಂಡು ಒಬ್ಬರೂ ಏಳಲಿಲ್ಲ.

ರೈಟರು ಹಾಜರಿ ಪುಸ್ತಕ ಹಿಡಿದು ಬಂದವರು ದಂಗಾಗಿ ನಿಂತರು. ಅವರನ್ನು ಕಂಡದ್ದೇ ನನ್ನ ತಮ್ಮ ಸಟ್ಟನೆ ಎದ್ದು, ಸಾಲನ್ನು ಒಮ್ಮೆ ನೋಡಿ, ಕೈ ನೇರ ಮಾಡಿ ನಿಂತ.

"ಮೂವತ್ತೊಂದು ಜನ ಸ್ವಾಮಿ. ಎಲ್ಲ ಹಾಜರ್."

ದಿನಾ ಬೆಳಿಗ್ಗೆ ನಮ್ಮನ್ನು ಒಂದು ಕಡೆ ಸೇರಿಸುವುದರಲ್ಲೇ ರೈಟರ ಗಂಟಲು ಬಿದ್ದುಹೋಗುತ್ತಿತ್ತು. ಅವತ್ತು ಎಲ್ಲರೂ ಸಾಲಾಗಿ ಕೂತಿದ್ದಾರೆ, ಎಣಿಕೆಯೂ ಆಗಿದೆ. ಅವರು ಅಲ್ಲೇ ನಿಂತು, ಪುಸ್ತಕ ಬಿಚ್ಚಿ, ತಲೆಯೆತ್ತದೆ, ಸಾಲಿನವರು ಹೇಳುತ್ತಾ ಹೋದ ಹಾಗೆ ಒಂದು ಕಡೆಯಿಂದ ಹೆಸರು ಬರೆದರು. ಬರೆದ ಮೇಲೆ ನೋಡುತ್ತಾರೆ, ಮೊದಲನೆಯ ಹೆಸರೇ ನನ್ನ ತಮ್ಮನದು! ಹಾಜರಿ ಪುಸ್ತಕದಲ್ಲಿ ಹೊಡೆದುಹಾಕಬೇಕಾದರೆ ದೊರೆಯ ರುಜು ಬೇಕು. ದೊರೆಯ ಮುಂದೆ ತಪ್ಪಾಯಿತು ಎನ್ನುವ ಧೈರ್ಯ ರೈಟರಿಗೆ ಹುಟ್ಟಿದಾಗಿನಿಂದ ಇರಲಿಲ್ಲ. ಪುಸ್ತಕ ಮುಚ್ಚಿ, ಕಳೆ ಕೀಳಲು ಹೋಗು ಎಂದು ಅವನಿಗೆ ಗದರಿ ನಡೆದರು.

ಅಕ್ಕಿ ಇಲ್ಲವೆಂದು ತಿಳಿದ ಮೇಲೆ ಎಲ್ಲರೂ ಅಜ್ಜಿಯ ಮೇಲೆ ಬಿದ್ದರು. "ನಾನೆಲ್ಲಿ ಅಕ್ಕಿ ಅಂದೆ? ನಾನು ಇವನು ಬದುಕಿದ್ದಾನಾ ನೋಡೋಕೆ ಕೂತಿದ್ದು," ಎಂದಳು ಅಜ್ಜಿ. ನನ್ನ ತಮ್ಮ ಆಗ ನಕ್ಕ. ಬಂದ ಮೇಲೆ ಅದೇ ಮೊದಲು.

ಹೆಸರು ಬಂತೆಂದು ನಾನು ಎಣಿಸುವುದನ್ನು ನಿಲ್ಲಿಸಲಿಲ್ಲ. ಒಂದು ನಗುವಿಗೆ ಮೋಸಹೋಗುವಷ್ಟು ದಡ್ಡಿಯಲ್ಲ ನಾನು. ಹತ್ತು ಹನ್ನೆರಡು ದಿನ ಕಳೆಯಿತು, ಮಳೆ ಹಿಡಿಯಿತು. ಒಂದು ಸಂಜೆ ತಮ್ಮ ಕೆಲಸದಿಂದ ತೊಪ್ಪೆಯಾಗಿ ಬಂದು ಬಾಗಿಲಲ್ಲಿ ನಿಂತ. ಯಜಮಾನರು ಕಂಬಳಿ ಹೊದ್ದು ಒಲೆಯ ಮುಂದೆ ಕೂತಿದ್ದರು.

"ಭಾವ, ನನ್ನ ಕಂಬಳಿ ಕೊಡಿ."

"ಕೊಟ್ಟಿದ್ದನ್ನ ವಾಪಸ್ ಕೇಳ್ತಾರೇನೋ ಮಾರಾಯ?"

"ಆಗ ಬೇಡವಾಗಿತ್ತು. ಈಗ ಬೇಕು."

ನಾನು ಸೌಟು ಬಿಟ್ಟು ಹೋಗಿ ಯಜಮಾನರ ಮೈಮೇಲಿಂದ ಕಂಬಳಿಯನ್ನು ಎಳೆದು ಅವನ ಮೇಲೆ ಎಸೆದೆ. ಯಜಮಾನರು ಆ ಮಳೆಗಾಲವೆಲ್ಲ ಎಲೆಯ ಗೊರಬು ಬೆನ್ನಿಗೆ ಹೊತ್ತುಕೊಂಡು ಆಮೆಯ ಹಾಗೆ ಓಡಾಡಿದರು. ಹೆಂಡತಿ ತಮ್ಮನ ಕಡೆಯವಳು ಎಂದು ಸಿಕ್ಕಸಿಕ್ಕವರಿಗೆಲ್ಲ ದೂರಿದರು.

ಆ ಸಂಜೆಯೂ ಎಣಿಸಿದೆ. "ಒಂದು," ಎಂದೆ.

"ಇದ್ದೀನಿ ಬಿಡಕ್ಕ. ಮೊದಲು ಗಂಜಿ ಹಾಕು," ಎಂದ ತಮ್ಮ. ನಾನು ಹೇಳುವ ಮೊದಲೇ ತಟ್ಟೆ ಎಳೆದುಕೊಂಡಿದ್ದ.

ಒಲೆಯ ಕಡೆಯಿಂದ ಯಜಮಾನರು ಗೊಣಗಿದರು. "ಎರಡು ಅನ್ನು. ನಾನೂ ಇದ್ದೀನಿ, ನಡುಗ್ತಾ."